ಕೆಂಚನ ತಟ್ಟೆಯ ಮೊದಲ ತುತ್ತು

ಮದುವೆಯಾಗಿ ಹೆಡತಲೆ ಊರಿಗೆ ಬಂದ ಹೊಸತರಲ್ಲೇ ಸಂಘಮಿತ್ರಾ ತನ್ನ ಅತ್ತೆ ಮುದ್ದಮ್ಮನಿಗೆ ಒಂದು ಮಾತು ಕೊಟ್ಟಿದ್ದಳು. ಕೊಡುವಾಗ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಅವತ್ತು ಮುದ್ದಮ್ಮ ಹಿತ್ತಿಲ ಒರಳುಕಲ್ಲಿನ ಪಕ್ಕ ಕೂತು ನಾಯಿ ಕೆಂಚನಿಗೆ ಮುದ್ದೆ ಕಿವುಚುತ್ತಿದ್ದಳು. ಕಿವುಚಿದ್ದರಲ್ಲಿ ಒಂದು ಚೂರನ್ನು ತನ್ನ ಬಾಯಿಗೆ ಹಾಕಿಕೊಂಡು, ನಾಲಗೆಯ ಮೇಲೆ ಹೊರಳಿಸಿ, ಎಲೆಅಡಿಕೆಯ ಕೆಂಪಿನ ಜೊತೆಗೇ ಪಕ್ಕಕ್ಕೆ ಉಗುಳಿ, ಆಮೇಲೆ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ಅಲ್ಲಿಯತನಕ ನಾಯಿ ತಟ್ಟೆಯನ್ನು ನೋಡಲಿಲ್ಲ, ಅವಳ ಬಾಯನ್ನೇ ನೋಡುತ್ತಿತ್ತು.

"ಇದೇನತ್ತೆ, ನಾಯಿ ಎಂಜಲ ನೀವು ತಿಂತೀರೋ, ನಿಮ್ಮೆಂಜಲ ಅದು ತಿಂತದೋ?"

"ನಗು, ನಗು. ಇದ್ಕೂ ಮುಂಚೆ ಒಂದಿತ್ತು ಕಣವ್ವ. ಬೂಷ್ಟು ಹಿಡ್ದಿದ್ದ ಕಡ್ಲೆಕಾಯಿ ಹಿಂಡಿಯ ನೋಡ್ದೆ ಆಕ್ಬುಟ್ಟೆ. ನನ್ ಕೈಯ ನೆಕ್ತಾ ನೆಕ್ತಾನೇ ಸತ್ತೋಯ್ತು. ನಾನಿಲ್ದಾಗ ನೀನು ನಿನ್ ಬಾಯ್ಗೆ ಇಟ್ಟು ನೋಡ್ದೆ ನಾಯಿಗಾಗ್ಲಿ ಬೆಕ್ಕಿಗಾಗ್ಲಿ ಏನೂ ಆಕಬ್ಯಾಡ. ಮಾತು ಕೊಡು."

"ಆಯ್ತತ್ತೆ, ಕೊಟ್ಟೆ."

"ಕೊಟ್ಮೇಲೆ ನಾ ಬುಡಕಿಲ್ಲ," ಎಂದು ಮುದ್ದಮ್ಮ ಸೊಸೆಯ ಅಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಈ ಬೇಸಿಗೆಯಲ್ಲಿ ಮುದ್ದಮ್ಮ ತೀರಿಕೊಂಡಳು. ಅವಳ ಜೊತೆಗೇ ಕೆಂಚನ ಮುದ್ದೆಯೂ ನಿಂತಿತು. ಸಂಘಮಿತ್ರಾಗೆ ನರಸೀಪುರದ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಗಂಡ ರವಿಕುಮಾರ್‌ಗೆ ನಂಜನಗೂಡಿನ ಕಾರ್ಖಾನೆಯಲ್ಲಿ ಶಿಫ್ಟು. ಮಗಳು ಮಧುಶ್ರೀಗೆ ಜಡೆ ಹಾಕಿ, ಡಬ್ಬಿ ಕಟ್ಟಿ, ಬಸ್ಸಿಗೆ ಓಡುವಷ್ಟರಲ್ಲಿ ಉಸಿರು ಗಂಟಲಿಗೆ ಬಂದಿರುತ್ತಿತ್ತು. ಇನ್ನು ನಾಯಿಗೆ ಮುದ್ದೆ ತಿರುವುವವರು ಯಾರು?

ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಅಮೃತೇಶನ ಅಂಗಡಿಯಲ್ಲಿ ದನದ ಬೂಸಾ, ಕೋಳಿ ಫೀಡು, ನಾಯಿ ಬೆಕ್ಕಿನ ಕಾಳು ಎಲ್ಲ ಸಿಗುತ್ತಿತ್ತು.

"ಪ್ಯಾಕೆಟ್ಟಾ ಲೂಸಾ ಮೇಡಂ?"

"ಬಸ್ಸು ಹೊರಡ್ತಾ ಇದೆ ಕಣ್ರೀ. ಯಾವ್ದೋ ಒಂದು ಕೊಡಿ."

"ನಾಯಿಗಾ ಬೆಕ್ಕಿಗಾ?"

"ಎರಡಕ್ಕೂ ಒಂದೇ ಆಗಲ್ವಾ?"

"ಆಗದೇನು, ಕೊಟ್ರೆ ತಿಂತವೆ. ವಾಪಸ್ ಬಂದು ಕಂಪ್ಲೇಂಟ್ ಏಳೋ ಗಿರಾಕಿಗಳಲ್ಲ ಬುಡಿ," ಎಂದು ನಕ್ಕ ಅಮೃತೇಶ, ಮೂಲೆಯಲ್ಲಿ ಬಾಯಿ ತೆರೆದುಕೊಂಡಿದ್ದ ಚೀಲದಿಂದ ಕವರಿಗೆ ಸುರಿದ. ಮಳೆಗಾಲದ ಥಂಡಿಗೆ ಆ ಚೀಲದ ತಳ ಕಪ್ಪಾಗಿತ್ತು. ಅದು ಅವಳ ಕಣ್ಣಿಗೆ ಬಿತ್ತು. ಬಸ್ಸಿನ ಹಾರ್ನ್ ಕೇಳಿಸಿತು. ಓಡಿದಳು.

ತಟ್ಟೆ ಇಟ್ಟಾಗ ಕೆಂಚ ಅದರ ಕಡೆ ನೋಡಲಿಲ್ಲ. ಅವಳ ಬಾಯನ್ನೇ ನೋಡುತ್ತ ನಿಂತಿತು. ಮನೆಯ ಬೆಕ್ಕು ಚುಕ್ಕಿ ಕೂಡ ಒಂದು ಸಲ ಮೂಸಿ, ಬಂದು ಕೆಂಚನ ಪಕ್ಕ ಕೂತಿತು.

"ಏನ್ರೋ ನಿಮ್ದು? ತಿನ್ನಿ, ನಂಗೆ ಟೈಮಿಲ್ಲ," ಎಂದು ಬೈದು ಒಳಗೆ ಹೋದಳು.

ಬೆಳಿಗ್ಗೆ ತಟ್ಟೆ ಖಾಲಿಯಿತ್ತು. ಸದ್ಯ, ರೂಢಿಯಾಯಿತು ಅಂದುಕೊಂಡಳು. ದಿನಾ ತುಂಬುತ್ತಿದ್ದಳು, ದಿನಾ ಖಾಲಿಯಾಗುತ್ತಿತ್ತು. ಆದರೆ ಕೆಂಚನ ಪಕ್ಕೆಲುಬುಗಳು ಒಂದೊಂದಾಗಿ ಮೇಲೆದ್ದವು. ಚುಕ್ಕಿಯ ಕೂದಲು ಕೈಗೆ ಬರತೊಡಗಿತು.

ಒಂದು ಭಾನುವಾರ ಹಿತ್ತಿಲು ಗುಡಿಸುವಾಗ ಒರಳುಕಲ್ಲಿನ ಪಕ್ಕದಲ್ಲಿ ಪೊರಕೆಗೆ ಏನೋ ತಗುಲಿತು. ಅಗಿದು ಉಗಿದ ಕಾಳುಗಳು. ಒಂದು ಗುಪ್ಪೆಯಷ್ಟಿದ್ದವು, ಇನ್ನೂ ಒದ್ದೆಯಾಗಿದ್ದವು. ಸುತ್ತ ನೆಲ ಎಲೆಅಡಿಕೆಯ ಕೆಂಪಾಗಿತ್ತು. ಆ ಮನೆಯಲ್ಲಿ ಎಲೆಅಡಿಕೆ ಹಾಕುತ್ತಿದ್ದುದು ಮುದ್ದಮ್ಮ ಒಬ್ಬಳೇ.

ಯಾರಿಗೂ ಹೇಳದೆ ನೀರು ಹುಯ್ದು ತೊಳೆದಳು. ಮಾರನೆಯ ದಿನವೂ ಅಲ್ಲಿ ಕೆಂಪಿತ್ತು.

ಕೆಂಚ ಎದ್ದು ನಿಲ್ಲಲಾರದಂತಾದಾಗ ರವಿಕುಮಾರ್ ಅದನ್ನು ಆಟೋದಲ್ಲಿ ಹಾಕಿಕೊಂಡ, ಸಂಘಮಿತ್ರಾ ಜೊತೆಗೆ ಹತ್ತಿದಳು. ನಂಜನಗೂಡಿನ ಪಶುವೈದ್ಯರು ಕಣ್ಣುರೆಪ್ಪೆ ಬಿಡಿಸಿ ನೋಡಿ, ಡ್ರಿಪ್ ಏರಿಸಿ ಕೇಳಿದರು: "ಹೊಟ್ಟೇಲಿ ಏನೇನೂ ಇಲ್ಲವಲ್ಲಮ್ಮ. ಏನು ಹಾಕ್ತೀರಿ?"

"ಒಳ್ಳೇದೇ ಸಾರ್. ಅಂಗಡೀದು."

"ಅಂಗಡೀದೆಲ್ಲ ಒಳ್ಳೇದಲ್ಲ. ಸೀಲ್ ಇರಬೇಕು, ತಾರೀಕು ಇರಬೇಕು, ಏನೇನು ಹಾಕಿದ್ದಾರೆ ಅನ್ನೋ ಪಟ್ಟೀಲಿ ಮೊದಲು ಮಾಂಸದ ಹೆಸರಿರಬೇಕು. ಬೆಕ್ಕಿಗೆ ಬೇರೆ, ನಾಯಿಗೆ ಬೇರೆ. ಕಮಟು ವಾಸನೆ ಬಂದ್ರೆ ಬಿಸಾಕಿ. ಹೀಗೇ ಇನ್ನೊಂದು ವಾರ ಆದ್ರೆ ಇದು ಉಳಿಯಲ್ಲ."

"ನಾಳೇನೇ ಬೇರೇದು ತರ್ತೀನಿ," ಅಂದಳು ಸಂಘಮಿತ್ರಾ. ಮಾರನೆಯ ದಿನ ಆಫೀಸು ಬಿಡುವುದು ತಡವಾಯಿತು. ಅದರ ಮಾರನೆಯ ದಿನ ಬಸ್ಸು ತುಂಬಿತ್ತು. ಅಟ್ಟದ ಮೇಲೆ ಹಳೆಯ ಕವರು ಇನ್ನೂ ಅರ್ಧವಿತ್ತು.

ಅಷ್ಟರಲ್ಲಿ ಮಾರ್ಲಾಮಿ ಅಮಾವಾಸ್ಯೆ ಬಂತು, ಹಿರೀಕರಿಗೆ ಎಡೆ ಇಡುವ ದಿನ. ಮುದ್ದಮ್ಮನಿಗೆ ಇದು ಮೊದಲ ಎಡೆ.

ಪಕ್ಕದ ಮನೆಯ ದೇವೀರಮ್ಮ ಇಣುಕಿ, "ಏನ್ಲಾ ರವಿ, ಬುದ್ಧವಂದನೆ ಮಾಡೋರ ಮನೇಲೂ ಎಡೆಯಾ?" ಎಂದು ಕಿಚಾಯಿಸಿದಳು.

"ನಮ್ಮವ್ವ ಬುದ್ಧ ಏಳುದ್ರೂ ಕೇಳ್ತಿರ್ಲಿಲ್ಲ ಕಣಕ್ಕ. ಇಡ್ದಿದ್ರೆ ಬಂದು ಬೈತಾಳೆ," ಅಂದ ರವಿಕುಮಾರ್.

ಬುದ್ಧನ ಪಟದ ಕೆಳಗೇ ಬಾಳೆ ಎಲೆ ಹಾಸಿ, ಮುದ್ದೆ, ಬಾಡಿನ ಸಾರು, ವಡೆ, ಎಲೆಅಡಿಕೆ ಇಟ್ಟರು. ದೀಪ ಹಚ್ಚಿ, ಹಿರೀಕರು ಉಣ್ಣಲಿ ಎಂದು ಎಲ್ಲರೂ ಆಚೆ ಬಂದು ಬಾಗಿಲು ಮುಂದೆ ಮಾಡಿಕೊಂಡರು. ಮಧುಶ್ರೀ ಚುಕ್ಕಿಯನ್ನು ಅವಚಿಕೊಂಡು ಜಗಲಿಯ ಮೇಲೆ ಕೂತಳು. ದಿನವೆಲ್ಲ ಮಲಗಿದ್ದ ಕೆಂಚ ಕಾಲೆಳೆದುಕೊಂಡು ಬಂದು ಬಾಗಿಲ ಮುಂದೆ ನಿಂತಿತು. ಬಹಳ ದಿನಗಳ ಮೇಲೆ ಅದರ ಬಾಲ ಆಡಿತು.

ಒಳಗಿನಿಂದ ಸದ್ದು ಬಂತು. ಕಟುಂ. ಕಟುಂ. ಗಟ್ಟಿ ಕಾಳನ್ನು ಅರ್ಧ ಹಲ್ಲು ಉದುರಿದ ಬಾಯಿ ಕಷ್ಟಪಟ್ಟು ಅಗಿಯುವ ಹಾಗೆ.

"ಇಲಿ," ಅಂದ ರವಿಕುಮಾರ್.

"ಥೂ," ಎಂದಿತು ಒಳಗೆ.

ಬಾಗಿಲು ತೆಗೆದಾಗ ದೀಪ ನೆಟ್ಟಗೆ ಉರಿಯುತ್ತಿತ್ತು. ಮುದ್ದೆ ಮುರಿದಿರಲಿಲ್ಲ, ಬಾಡು ಕದಲಿರಲಿಲ್ಲ. ಎಲೆಯ ನಡುವೆ, ಯಾರೂ ಏನೂ ಬಡಿಸದಿದ್ದ ಜಾಗದಲ್ಲಿ, ಅಗಿದು ಉಗಿದ ಕಾಳು ಕೆಂಪಗೆ ಬಿದ್ದಿತ್ತು. ಅಟ್ಟದ ಮೇಲಿದ್ದ ಕವರು ಎಲೆಯ ಪಕ್ಕದಲ್ಲಿತ್ತು.

"ಯಾರು ಇಳ್ಸುದ್ದು ಇದ?" ರವಿಕುಮಾರ್ ಕೇಳಿದ.

ಕೆಂಚ ಒಳಗೆ ಬಂದು ಬಾಡನ್ನು ಮೂಸಲಿಲ್ಲ, ಎಲೆಯನ್ನು ದಾಟಲಿಲ್ಲ. ಸಂಘಮಿತ್ರಾಳ ಬಾಯನ್ನೇ ನೋಡುತ್ತ ಕೂತಿತು. ಅವಳ ಅಂಗೈ ತಣ್ಣಗಾಯಿತು, ಯಾರೋ ಗಟ್ಟಿಯಾಗಿ ಹಿಡಿದುಕೊಂಡ ಹಾಗೆ. ದಿನಾ ತಟ್ಟೆಯ ಕಾಳನ್ನೆಲ್ಲ ಅಗಿದು ಉಗಿದು, ಇಷ್ಟು ದಿನ ತಾನು ಮಾಡದೆ ಬಿಟ್ಟ ಕೆಲಸವನ್ನು ಯಾರು ಮಾಡುತ್ತಿದ್ದಾರೆ ಎಂಬುದು ಅವಳಿಗೆ ಆಗ ತಿಳಿಯಿತು.

ಕವರಿಗೆ ಕೈ ಹಾಕಿ ಒಂದು ಕಾಳನ್ನು ಬಾಯಿಗಿಟ್ಟಳು. ಕಮಟು ಎಣ್ಣೆ, ಆಮೇಲೆ ಬೂಷ್ಟು, ಆಮೇಲೆ ಗಂಟಲವರೆಗೂ ಕಹಿ. ಹಿತ್ತಿಲಿಗೆ ಓಡಿ ಒರಳುಕಲ್ಲಿನ ಪಕ್ಕ ಉಗುಳಿದಳು. ಬಿದ್ದದ್ದು ಕೆಂಪಗಿತ್ತು. ಸಂಘಮಿತ್ರಾ ಹುಟ್ಟಿದಾಗಿನಿಂದ ಎಲೆಅಡಿಕೆ ಹಾಕಿದವಳಲ್ಲ.

ಕವರನ್ನು ತಿಪ್ಪೆಯಲ್ಲಿ ಆಳಕ್ಕೆ ಹೂತಳು. ಉಪ್ಪು ಖಾರವಿಲ್ಲದೆ ಅನ್ನ, ಕೋಳಿ ಬೇಯಿಸಿ, ಮೂಳೆ ತೆಗೆದು, ಕಿವುಚಿ, ಮೊದಲ ತುತ್ತನ್ನು ತಾನು ತಿಂದಳು. ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ಕೆಂಚ ತಿಂದಿತು. ಚುಕ್ಕಿಯೂ ಬಂದು ತಿಂದಿತು. ಹಿತ್ತಿಲಲ್ಲಿ ಆಮೇಲೆ ಕೆಂಪು ಕಾಣಲಿಲ್ಲ.

ಆ ವಾರ ಅಮೃತೇಶನ ಅಂಗಡಿಯಲ್ಲಿ ನಾಯಿಯದ್ದೊಂದು, ಬೆಕ್ಕಿನದ್ದೊಂದು ಸೀಲ್ ಪ್ಯಾಕೆಟ್ ತೆಗೆದು, ತಾರೀಕು ನೋಡಿ, ಪಟ್ಟಿ ಓದಿ, ಅಲ್ಲೇ ಹರಿದು ಒಂದೊಂದು ಕಾಳನ್ನು ಬಾಯಿಗೆ ಹಾಕಿಕೊಂಡಳು.

"ಮೇಡಂ! ಮನುಷ್ರು ತಿನ್ನೋ ಬಿಸ್ಕೆಟ್ಟು ಆ ಕಡೆ ಅವೆ," ಅಂದ ಅಮೃತೇಶ. ನಿಂತಿದ್ದವರೆಲ್ಲ ನಕ್ಕರು. ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಅವಳು ನಿಧಾನವಾಗಿ ಅಗಿಯುತ್ತಿದ್ದಳು.

ಕೆಂಚ ಬದುಕಿತು. ಸಂಘಮಿತ್ರಾ ಅತ್ತೆಗೆ ಕೊಟ್ಟ ಮಾತನ್ನು ನಡೆಸಿದಳು.