ಒಂದು ಡಬ್ಬಿ ಹೆಚ್ಚು

ಎಜ್‌ಬಾಸ್ಟನ್ನಿನ ಯೂನಿವರ್ಸಿಟಿಯಲ್ಲಿ ನನ್ನ ಕೆಲಸ, ಜನ ಹೇಳಿದ ನೆನಪುಗಳ ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವುದು. ಗಂಡ ಕಾಶಿಫ್ ತೀರಿಕೊಂಡ ಮೇಲೆ ಸಿಕ್ಕಿದ್ದು. ಕಿವಿಯಲ್ಲಿ ಬೇರೆಯವರ ದನಿ ಇರುತ್ತದೆ, ಅಷ್ಟು ಸಾಕು.

ಟೈಪಾದ ಪ್ರತಿಯನ್ನು ನೆನಪು ಹೇಳಿದವರಿಗೇ ತಿದ್ದಲು ಕಳಿಸುತ್ತೇವೆ. ಡಯಾನ್ ತನ್ನದನ್ನು ಹಿಡಿದು ತಾನೇ ಬಂದಳು. ಐವತ್ತಾರು ವರ್ಷ. ಹುಟ್ಟಿದ್ದು ರೊಡೇಷಿಯಾದಲ್ಲಿ, ಅಪ್ಪನ ತಂಬಾಕಿನ ಫಾರ್ಮಿನಲ್ಲಿ.

ಅವಳಿಗೆ ಏಳಾದಾಗ ಅಲ್ಲಿ ಬಿಳಿಯರ ಸರ್ಕಾರದ ವಿರುದ್ಧ ಯುದ್ಧ ನಡೆಯುತ್ತಿತ್ತು. ಕೆಲಸಗಾರರು ಕಾಡಿನ ಹೋರಾಟಗಾರರಿಗೆ ಉಣಿಸಬಾರದೆಂದು ಅಪ್ಪ ದಿನದಿನದ ಮೆಕ್ಕೆಜೋಳದ ಹಿಟ್ಟನ್ನಷ್ಟೇ ಅಳೆದು ಕೊಡುತ್ತಿದ್ದ. ಅಳೆಯುವ ಡಬ್ಬಿ ಡಯಾನ್ ಕೈಯಲ್ಲಿ. ಅವಳಿಗೆ ಅದು ಅಂಗಡಿಯಾಟ. ಅಡುಗೆಯವನಾದ ಟೆಂಡಾಯಿಯ ಮಗಳು ರುಡೋ ಅವಳ ಗೆಳತಿ. ರುಡೋ ಬಂದಾಗಲೆಲ್ಲ ಡಯಾನ್ ಒಂದು ಡಬ್ಬಿ ಹೆಚ್ಚು ಸುರಿದು ಕಣ್ಣು ಮಿಟುಕಿಸುತ್ತಿದ್ದಳು. ರುಡೋಳ ಅಕ್ಕನ ಮದುವೆಗೆಂದು ಮನೆಯವರು ಅದನ್ನು ಕೂಡಿಟ್ಟರು.

ಸರ್ಕಾರದ ಸೈನಿಕರಿಗೆ ಅವರ ಮನೆಯಲ್ಲಿ ಅರ್ಧ ಚೀಲ ಹಿಟ್ಟು ಸಿಕ್ಕಿತು. ಟೆಂಡಾಯಿಯನ್ನು ಅಂಗಳದಲ್ಲಿ ಅಪ್ಪನೆದುರು ನಿಲ್ಲಿಸಿ, ಎಲ್ಲಿಯದೆಂದು ಕೇಳಿದರು. ಅವನು ವರಾಂಡದಲ್ಲಿ ತಿಂಡಿಗೆ ಕೂತಿದ್ದ ಡಯಾನ್‌ಳನ್ನು ನೋಡಿದ. ಅವಳ ಹೆಸರು ಹೇಳಲಿಲ್ಲ. ಲಾರಿ ಹತ್ತಿಸಿದರು. ಅವನು ಮತ್ತೆ ಬರಲಿಲ್ಲ.

"ಆಗ ನೀವೇನು ಹೇಳಿದಿರಿ?" ಎಂದು ರೆಕಾರ್ಡಿಂಗಿನಲ್ಲಿ ಸಂದರ್ಶನ ಮಾಡುವ ಗಾನವಿ ಕೇಳುತ್ತಾಳೆ. ನಾನು ಟೈಪ್ ಮಾಡಿದ್ದೆ: ಹನ್ನೊಂದು ಸೆಕೆಂಡು ಮೌನ.

ಅದನ್ನು ಹೊಡೆದುಹಾಕಿ ಡಯಾನ್ ಪೆನ್ಸಿಲ್ಲಿನಲ್ಲಿ ಬರೆದಿದ್ದಳು: "ನಾನೇ ಕೊಟ್ಟಿದ್ದು, ಅಪ್ಪಾ."

"ಹಾಗೆ ಹೇಳಿದ್ದಿರಾ?" ಎಂದು ಕೇಳಿದೆ.

"ಇಲ್ಲ. ಬಾಯಲ್ಲಿ ಟೋಸ್ಟ್ ಇತ್ತು. ಬಾಯಿ ತುಂಬಿಕೊಂಡು ಮಾತಾಡಿದರೆ ಅಮ್ಮ ಬೈಯುತ್ತಿದ್ದಳು." ಕಾಗದವನ್ನು ನನ್ನತ್ತ ತಳ್ಳಿದಳು. "ರುಡೋ ಬದುಕಿರಬಹುದು. ಇದನ್ನು ಓದಬಹುದು. ಸೇರಿಸು."

ಈ ಸಂಶೋಧನೆ ಗಾನವಿಯದು, ಮೈಸೂರಿನವಳು. ಒಳಗೆ ಹೋಗಿ ಕೇಳಿದೆ.

"ಅಯ್ಯೋ ಹಿಬಾ, ಸ್ಪೆಲಿಂಗ್ ಬೇಕಾದ್ರೆ ಚೇಂಜ್ ಮಾಡೋಣ. ಹೇಳ್ದೇ ಇರೋದನ್ನ ಹೇಗ್ರೀ ಹಾಕೋದು? ಆಡಿಯೋ ಇದೆಯಲ್ಲ, ಪಾಪ."

ಬಂದು ಹೇಳಿದೆ. ಡಯಾನ್ ಕೋಟಿನ ಗುಂಡಿ ಹಾಕಿಕೊಂಡಳು, ಬಿಚ್ಚಿದಳು.

"ಹನ್ನೊಂದು ಜಾಸ್ತಿಯಾಯಿತು. ಅಷ್ಟು ಹೊತ್ತು ಸುಮ್ಮನಿರಲಿಲ್ಲ ನಾನು. ಇನ್ನೊಮ್ಮೆ ನೋಡು."

ಒಂದು ಇಯರ್‌ಫೋನ್ ಅವಳಿಗೆ ಕೊಟ್ಟೆ, ಒಂದು ನಾನಿಟ್ಟುಕೊಂಡೆ. ಗಾನವಿಯ ಪ್ರಶ್ನೆ. ಆಮೇಲೆ ಹೊರಗೆ ಹೋದ ಬಸ್ಸಿನ ಸದ್ದು, ಉಸಿರು. ಇಬ್ಬರೂ ಪರದೆಯ ಮೇಲಿನ ಅಂಕಿ ನೋಡಿದೆವು.

ಹದಿಮೂರು.

ಹನ್ನೊಂದನ್ನು ತಿದ್ದಿದೆ.