ಆ ಆರು ಬಾಟಲಿ ಎಲ್ಲಿದ್ದವು?

೧

ಎಲ್ಲಿಂದ ಶುರು ಮಾಡಲಿ? ಹಾವಿನಿಂದ ಶುರು ಮಾಡಿದರೆ ನೀವು ನೆಟ್ಟಗೆ ಕೂತು ಓದುತ್ತೀರಿ. ಆದರೆ ಇಲ್ಲಿ ಕಚ್ಚಿದ್ದು ಹಾವಾದರೂ ಕೈಕೊಟ್ಟಿದ್ದು ಕಂಪ್ಯೂಟರ್ ಪರದೆ ಮೇಲಿನ ಒಂದು ಗುಂಡಿ. (ಗುಂಡಿಯ ಕಥೆ ಯಾರು ಓದ್ತಾರೆ ಅಂತ ನನ್ನ ಹೆಂಡತಿ ಕೇಳಿದಳು. ನೋಡೋಣ.)

೨

ಜೆರೊಟಿಚ್ ಕೀನ್ಯಾದ ಒಂದು ಒಣ ಕಣಿವೆಯ ಔಷಧ ಉಗ್ರಾಣದಲ್ಲಿ ಗುಮಾಸ್ತೆ; ನಾನು ಅಲ್ಲಿನ ಶಾಲೆಯ ಮೇಷ್ಟ್ರು. ಅವಳ ಎಕ್ಸೆಲ್ ಹಾಳೆಯಲ್ಲಿ ಮೂರು ಪಟ್ಟಿ: ಹಾವಿನ ವಿಷಕ್ಕೆ ಮದ್ದು ಎಷ್ಟು ಬಾಟಲಿ ಇದೆ, ಯಾವ ಆಂಬುಲೆನ್ಸ್ ಖಾಲಿ ಇದೆ, ಯಾವ ನರ್ಸ್ ಡ್ಯೂಟಿಯಲ್ಲಿದ್ದಾರೆ. ಮೂರಕ್ಕೂ ಸೇರಿ ಫಿಲ್ಟರಿನ ಗುಂಡಿಗಳ ಒಂದೇ ಸಾಲು. ಊರಿನ ಹೆಸರು ಒತ್ತಿದರೆ ಮೂರೂ ಒಟ್ಟಿಗೆ ಆ ಊರಿನದನ್ನಷ್ಟೇ ತೋರಿಸಬೇಕು.

ಬುಧವಾರ ಮಧ್ಯಾಹ್ನ ಡ್ರೈವರ್ ಕಿಮೊಸೊಪ್ ಫೋನ್ ಮಾಡಿದ. ಮೇಕೆ ಕಾಯುವ ಚೆಪೊಸೈತ್‌ಳ ಕಾಲಿಗೆ ಕೊಳಕುಮಂಡಲದ ಜಾತಿಯ ವಿಷದ ಹಾವು ಕಚ್ಚಿತ್ತು.

"ಗಾಡಿಗೆ ಹತ್ತಿಸ್ಕೊಂಡಿದೀನಿ ಅಕ್ಕಾ. ಎಲ್ಲಿಗೆ? ಕಪ್ತುರೊಗಾ, ಲೊಸಿರ್ಯಾಗಾ?"

ಎರಡೂ ಊರಲ್ಲಿ ಆಸ್ಪತ್ರೆ ಇತ್ತು; ಹತ್ತಿರದ್ದು ಕಪ್ತುರೊ. ಅದನ್ನೇ ಒತ್ತಿದಳು. ಆರು ಬಾಟಲಿ, ಒಬ್ಬ ನರ್ಸ್.

"ಕಪ್ತುರೊಗೆ ಹೋಗಪ್ಪ. ಬೇಗ."

೩

ಕಾಲು ಗಂಟೆ ಕಳೆದ ಮೇಲೆ ಯಾಕೋ ಮನಸ್ಸು ತಡೆಯದೆ ಲೊಸಿರ್ಯಾ ಒತ್ತಿದಳು. ನರ್ಸ್ ಹೆಸರು ಬದಲಾಯಿತು. ಗಾಡಿಯ ನಂಬರ್ ಬದಲಾಯಿತು. ಆರು ಬಾಟಲಿ ಆರಾಗಿಯೇ ಇತ್ತು.

ಇನ್ನೊಂದು ಊರು. ಆರು.

ಗುಂಡಿಗೆ ಯಾವ ಯಾವ ಪಟ್ಟಿ ಜೋಡಿಸಿದೆ ಅಂತ ತೆರೆದು ನೋಡಿದರೆ ಎರಡಕ್ಕೆ ಟಿಕ್ ಇತ್ತು, ಮದ್ದಿನ ಪಟ್ಟಿಗಿರಲಿಲ್ಲ. ಆ ಆರು ಇಡೀ ಕಣಿವೆಯ ಒಟ್ಟು ಲೆಕ್ಕ. ಟಿಕ್ ಹಾಕಿದಳು. ಕಪ್ತುರೊ: ಒಂದೂ ಇಲ್ಲ. ಲೊಸಿರ್ಯಾ: ಆರು.

(ಮೊದಲ ಕರಡಿನಲ್ಲಿ ಟಿಕ್ ತೆಗೆದವನು ಅವಳ ಸಾಹೇಬ ಅಂತ ಬರೆದಿದ್ದೆ. ಜೆರೊಟಿಚ್ ಓದಿ ಹಾಳೆ ವಾಪಸ್ ತಳ್ಳಿದಳು.

"ಸುಳ್ಳು ಬರೀಬೇಡಿ ಮೇಷ್ಟ್ರೇ. ಬೆಳಿಗ್ಗೆ ಮೀಟಿಂಗಿಗೆ ಒಟ್ಟು ಲೆಕ್ಕ ಬೇಕಿತ್ತು. ತೆಗೆದೋಳು ನಾನೇ. ಮತ್ತೆ ಹಾಕೋದು ಮರೆತೆ."

"ಹಾಗೆ ಬರೆದ್ರೆ ಓದೋರಿಗೆ ನಿನ್ನ ಮೇಲೆ ಮರುಕ ಬರಲ್ಲಮ್ಮ."

"ಬರೋದು ಬೇಡ.")

೪

ಕಿಮೊಸೊಪ್‌ನ ಫೋನ್ ಹತ್ತಲಿಲ್ಲ. ಗಾಡಿ ಆಗಲೇ ಎರಡೂ ಊರಿನ ದಾರಿ ಒಡೆಯುವ ಕವಲು ದಾಟಿರಬೇಕು. ಕಪ್ತುರೊ ದಾರಿಯ ನಡುವೆ ಜೇನುತುಪ್ಪ ಮಾರುವ ಮುದುಕಿ ಕೊಬಿಲೊ ನೆನಪಾಗಿ, ಅವಳಿಗೆ ಫೋನ್ ಮಾಡಿದಳು.

"ಅಜ್ಜಿ, ಆಂಬುಲೆನ್ಸ್ ಹೋಯ್ತಾ?"

"ಇಲ್ಲ. ಧೂಳು ಕಾಣ್ತಿದೆ."

"ಅಡ್ಡ ಹಾಕಿ, ಲೊಸಿರ್ಯಾಗೆ ವಾಪಸ್ ಕಳ್ಸು."

"ನನ್ನ ಮೇಲೇ ಹತ್ತಿಸ್ಬಿಟ್ರೆ?"

"ನೀನು ನಿಲ್ಬೇಡ. ಮೇಜು ಎಳೆದು ದಾರಿಗೆ ಹಾಕು."

ಫೋನಿನೊಳಗೆ ಜೇನುತುಪ್ಪದ ಬಾಟಲಿಗಳು ಉರುಳಿದವು. ಬ್ರೇಕ್ ಕಿರುಚಿತು. ಕಿಮೊಸೊಪ್ ಬೈಯತೊಡಗಿದ. ಆಮೇಲೆ ಮುದುಕಿಯ ದನಿ: "ನಿಮ್ಮಪ್ಪನಿಗೇ ಬುದ್ಧಿ ಹೇಳಿದೋಳು ನಾನು. ತಿರುಗ್ಸೋ ಗಾಡಿ."

೫

ಚೆಪೊಸೈತ್ ನಡೆದುಕೊಂಡೇ ಮನೆಗೆ ಹೋದಳು ಅಂತ ಮುಗಿಸಿದೆ. ಹೊಡೆದು ಹಾಕಿದೆ. ಕಾಲು ಕಳೆದುಕೊಂಡಳು ಅಂತ ಬರೆದೆ. ಅದನ್ನೂ ಹೊಡೆದೆ. ಮದ್ದೇನೋ ಲೊಸಿರ್ಯಾದಲ್ಲಿ ಸಿಕ್ಕಿತು. ಬಾವು ಮಾತ್ರ ಮೊಣಕಾಲು ದಾಟಿದೆ. ಭಾನುವಾರದವರೆಗೆ ಏನೂ ಹೇಳಲಾಗದು ಅಂದಿದ್ದಾರೆ ಡಾಕ್ಟರು. ನಾನು ಬರೆಯುತ್ತಿರುವುದು ಶುಕ್ರವಾರ.

ನಿನ್ನೆ ಜೆರೊಟಿಚ್ ಆಸ್ಪತ್ರೆಗೆ ಹೋಗಿ ಚೆಪೊಸೈತ್‌ಳ ಗಂಡ ಲೊಮೆರಿಗೆ ಎಲ್ಲ ಹೇಳಿದಳು.

"ನಾವೇನೂ ಕೇಳಿರಲಿಲ್ವಲ್ಲ ತಾಯಿ," ಅಂದ ಅವನು. "ಯಾಕೆ ಹೇಳೋಕೆ ಬಂದೆ?"

"ಹೋಗ್ತಾ ಬರ್ತಾ ಸೇರಿ ಗಾಡಿ ನಲವತ್ತು ನಿಮಿಷ ತಪ್ಪು ದಾರೀಲಿ ಓಡ್ತು. ಆ ನಲವತ್ತು ನಿಮಿಷ ನಂದು."

ಅವನು ಬೆಂಚಿನ ಮೇಲೆ ಸ್ವಲ್ಪ ಸರಿದ.

ಅವಳಿಗೆ ಜಾಗ ಮಾಡಿಕೊಟ್ಟನೋ, ಅವಳಿಂದ ದೂರ ಸರಿದನೋ? ಜೆರೊಟಿಚ್‌ಳನ್ನೇ ಕೇಳಿದೆ. ನನಗೆ ಕಥೆ ಮುಗಿಸಬೇಕಿತ್ತು.

"ನಂಗೂ ಗೊತ್ತಾಗ್ಲಿಲ್ಲ ಮೇಷ್ಟ್ರೇ," ಅಂದಳು. "ಕೂತೆ."