ಬಂಗಾರೆವ್ವ ಕೊಟ್ಟ ಹೇಳಿಕೆ

ಅಮೆರಿಕದ ಆ ಊರಿನ ನಗರಸಭೆಯ ಮೇಲೆ ಯಾರಾದರೂ ಪರಿಹಾರ ಕೇಳಿ ಅರ್ಜಿ ಹಾಕಿದರೆ, ಮೊದಲೆಲ್ಲ ಅದನ್ನು ನೋಡುತ್ತಿದ್ದವನು ಸಿಟಿ ಹಾಲಿನ ಎರಡನೇ ಮಹಡಿಯ ಒಬ್ಬ ಮುದುಕ. ಮರದ ಕೊಂಬೆ ಕಾರಿನ ಮೇಲೆ ಬಿದ್ದರೂ ಅವನೇ, ಚರಂಡಿಯ ನೀರು ಗರಾಜಿಗೆ ನುಗ್ಗಿದರೂ ಅವನೇ. ಸ್ಥಳಕ್ಕೆ ಹೋಗಿ, ಟೇಪು ಹಿಡಿದು ಅಳೆದು, ಅರ್ಜಿ ಹಾಕಿದವರಲ್ಲಿ ಅರ್ಧ ಜನರ ಕ್ಷಮೆ ಕೇಳಿ ಬರುತ್ತಿದ್ದ. ಕ್ಷಮೆ ಕೇಳುವುದು ಕಾನೂನಿನ ದೃಷ್ಟಿಯಿಂದ ಅಪಾಯ ಎಂದು ನಗರಸಭೆಯ ವಕೀಲರು ಎಷ್ಟು ಹೇಳಿದರೂ ಆ ಚಟ ಬಿಡಲಿಲ್ಲ. ಅವನು ನಿವೃತ್ತನಾದ ದಿನ ಕೌನ್ಸಿಲ್ಲಿನವರು ಕೇಕು ಕತ್ತರಿಸಿ ಕಣ್ಣೊರೆಸಿಕೊಂಡರು. ಮುಂದಿನ ಮೀಟಿಂಗಿನಲ್ಲೇ ಆ ಕೆಲಸವನ್ನು ಹೊರಗಿನ ಕಂಪನಿಗೆ ವಹಿಸಿದರು.

ಕಂಪನಿಯ ಆಫೀಸು ಪಕ್ಕದೂರು ಕ್ಯಾಂಪ್‌ಬೆಲ್‌ನಲ್ಲಿ, ಒಂದು ಯೋಗ ಸ್ಟುಡಿಯೋದ ಮೇಲೆ. ಟೆಂಡರಿನಲ್ಲಿ ಅದು ಸಮುದಾಯದ ಭಾಷೆ ಬಲ್ಲ ಸಿಬ್ಬಂದಿ ತನ್ನಲ್ಲಿದ್ದಾರೆಂದು ಬರೆದು, ಹನ್ನೊಂದು ಭಾಷೆಗಳ ಪಟ್ಟಿ ಕೊಟ್ಟಿತ್ತು. ಹನ್ನೊಂದನೆಯದು ಕನ್ನಡ. ಕನ್ನಡವೆಂದರೆ ಆರತಿ, ಕ್ಲೇಮು ಪರಿಶೀಲಿಸುವವಳು. ಅವಳ ಮೇಲಿನ ಮ್ಯಾನೇಜರು ನಬೀಲಾ ಬೆಂಗಳೂರಿನ ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವಳು, ಆರತಿಗಿಂತ ಸೊಗಸಾಗಿ ಕನ್ನಡದಲ್ಲಿ ಬೈಯಬಲ್ಲವಳು. ಆದರೆ ಪಟ್ಟಿಯಲ್ಲಿ ಅವಳನ್ನು ಉರ್ದುವಿನ ಮುಂದೆ ಬರೆದಾಗಿತ್ತು. ಒಬ್ಬರಿಗೆ ಒಂದೇ ಭಾಷೆ ಎಂಬುದು ಟೆಂಡರಿನ ನಿಯಮ.

ಒಂದೂವರೆ ವರ್ಷ ಕನ್ನಡದ ಅಗತ್ಯ ಬೀಳಲಿಲ್ಲ. ಆಮೇಲೆ ಬಂಗಾರೆವ್ವ ಬಿದ್ದರು.

ಲೈಬ್ರರಿಯ ಮುಂದಿನ ಫುಟ್‌ಪಾತಿನಲ್ಲಿ ಮರದ ಬೇರು ಕಾಂಕ್ರೀಟನ್ನು ಎರಡು ಇಂಚು ಎತ್ತಿತ್ತು. ಮೂರು ಜನ ಅದರ ಫೋಟೋ ತೆಗೆದು ನಗರಸಭೆಗೆ ಕಳಿಸಿದ್ದರು. ನಗರಸಭೆ ಮೂವರಿಗೂ ವಂದನೆ ತಿಳಿಸಿತ್ತು. ಮಗ ಕಿರಣಕುಮಾರನ ಮನೆಗೆ ಬಂದಿದ್ದ ಬಂಗಾರೆವ್ವ ಬೆಳಗಿನ ವಾಕಿಂಗಿನಲ್ಲಿ ಅಲ್ಲಿ ಎಡವಿ, ಬಲಗೈ ಮಣಿಕಟ್ಟು ಎರಡು ಕಡೆ ಮುರಿದುಕೊಂಡರು. ಪ್ರವಾಸಿಗರ ವಿಮೆಯವರು ಆಪರೇಷನ್ನಿಗೆ ಒಪ್ಪಿದರು. ಅದರ ನಂತರ ತಿಂಗಳುಗಟ್ಟಲೆ ಬೇಕಾಗುವ ಫಿಸಿಯೋಥೆರಪಿ ತಮಗೆ ಸೇರಿದ್ದಲ್ಲ ಎಂದರು. ಥೆರಪಿ ಇಲ್ಲದಿದ್ದರೆ ಬೆರಳು ಮಡಿಸಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಕಿರಣಕುಮಾರ ನಗರಸಭೆಗೆ ಅರ್ಜಿ ಹಾಕಿದ.

ಹೇಳಿಕೆ ತೆಗೆದುಕೊಳ್ಳಲು ಆರತಿ ಹೊರಟಳು. ಹೊರಡುವಾಗ ನಬೀಲಾ, "ಟ್ರಾನ್ಸ್‌ಲೇಟರು ಬೇಡ್ವಾ?" ಎಂದಳು.

"ನಾನೇ ಇದೀನಲ್ಲ."

"ಹುಷಾರು ಕಣೇ. ನಮ್ಮವರ ಮನೆಗೆ ಹೋದ್ರೆ ಸ್ಟೇಟ್‌ಮೆಂಟು ಸಿಗಲ್ಲ, ಉಪ್ಪಿಟ್ಟು ಸಿಗುತ್ತೆ."

ಅರ್ಜಿದಾರರಿಂದ ಏನೂ ತೆಗೆದುಕೊಳ್ಳಬಾರದು ಎಂಬುದು ಕಂಪನಿಯ ನಿಯಮ. ಕೊಡಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಏಟು ತಿಂದವರನ್ನು ನೋಡಲು ಬರಿಗೈಯಲ್ಲಿ ಹೋಗುವುದು ಹೇಗೆಂದು ಆರತಿ ದಾರಿಯಲ್ಲಿ ಗ್ರೋಸರಿಯ ಮುಂದೆ ಕಾರು ನಿಲ್ಲಿಸಿ, ಬಾಳೆಹಣ್ಣು, ಎರಡು ದಾಳಿಂಬೆ ಕೊಂಡಳು. ಆ ಕ್ಷಣದಲ್ಲಿ ಅದು ಅವಳಿಗೆ ಸಭ್ಯತೆಯಂತೆಯೇ ಕಂಡಿತು.

ಕಿರಣಕುಮಾರ ಬಾಗಿಲು ತೆಗೆದು, "ನಂದೊಂದು ಕಾಲ್ ಅದ, ನೀವು ಶುರು ಮಾಡ್ರಿ," ಎಂದು ಬೆಡ್‌ರೂಮಿಗೆ ಹೋದ. ಸೋಫಾದ ಮೇಲೆ ಕುಳಿತಿದ್ದ ಬಂಗಾರೆವ್ವನ ಬಲಗೈ ದಿಂಬಿನ ಮೇಲಿತ್ತು. ಬಾಗಲಕೋಟೆ ಕಡೆಯ ಒಂದು ಪುರಸಭೆಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತರಾದ ಹೆಂಗಸು. ಹಣ್ಣಿನ ಚೀಲ ಕಂಡದ್ದೇ ಅವರ ಮುಖ ಅರಳಿತು.

"ಇದನ್ನೆಲ್ಲಾ ಯಾಕ ತರಲಿಕ್ಕೆ ಹೋದಿಯವ್ವಾ? ಯಾವೂರು ನಿಂದು?"

"ಮೈಸೂರು, ಅಜ್ಜಿ."

"ಅಜ್ಜಿ ಅಂದಿ. ಮುಗೀತು, ಇನ್ನ ಉಂಡಽ ಹೋಗಬೇಕು."

ಆರತಿ ಫೋನನ್ನು ಟೀಪಾಯಿಯ ಮೇಲಿಟ್ಟು, ರೆಕಾರ್ಡು ಮಾಡಲು ಅನುಮತಿ ಕೇಳಿದಳು.

"ಮಾಡವ್ವ. ಚಾರ್ಜರ್ ಬೇಕೇನು? ಆ ಮೂಲ್ಯಾಗ ಅದ ನೋಡು."

ಬೀಳುವಾಗ ಎಲ್ಲಿ ನೋಡುತ್ತಿದ್ದಿರಿ ಎಂಬುದು ನಾಲ್ಕನೆಯ ಪ್ರಶ್ನೆ.

"ಗಿಡದ ಕಡೆ ನೋಡ್ಕೋತ ಹೊಂಟಿದ್ದೆ. ಎಲಿ ಎಷ್ಟು ಕೆಂಪಗಾಗಿದ್ವು ಅಂತಿ! ನಂದಽ ತಪ್ಪವ್ವಾ. ಕಣ್ಣು ನೆಲದ ಮ್ಯಾಲ ಇರಬೇಕಾಗಿತ್ತು. ನಗರಸಭಾದವರು ಪಾಪ, ಎಷ್ಟಂತ ನೋಡ್ತಾರ? ನಾನೂ ಅದಽ ನೌಕರಿ ಮಾಡೀನಿ."

"ಈಗ ನೋವು ಹೇಗಿದೆ?"

"ಏನೂ ಇಲ್ಲ. ಆರಾಮ ಅದೀನಿ. ನೀ ಚಾ ಕುಡಿ."

ಹಾಗೆ ಹೇಳುತ್ತ ಅವರು ಕಪ್ಪನ್ನು ಆರತಿಯ ಕಡೆ ಸರಿಸಲು ಹೋದರು. ಅಭ್ಯಾಸಬಲದಿಂದ ಬಲಗೈ ಮುಂದೆ ಬಂತು. ಅವರ ಮುಖ ಬಿಳಿಚಿ, ಹಣೆಯ ಮೇಲೆ ಬೆವರು ಒಡೆಯಿತು. ಎರಡು ಕ್ಷಣ ಕಣ್ಣು ಮುಚ್ಚಿ, ತೆರೆದು, ನಕ್ಕರು. ನಗು ರೆಕಾರ್ಡಾಯಿತು. ಬೆವರು ಆಗಲಿಲ್ಲ.

ಆಫೀಸಿಗೆ ಬಂದು ಆರತಿ ಹೇಳಿಕೆಯನ್ನು ಇಂಗ್ಲಿಷಿಗೆ ಇಳಿಸಿದಳು. ತಪ್ಪು ನನ್ನದೇ, ನಾನು ನೆಲ ನೋಡುತ್ತಿರಲಿಲ್ಲ, ನನಗೆ ಯಾವ ನೋವೂ ಇಲ್ಲ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಫಾರಮ್ಮಿನ ಕೆಳಗೆ 'ಪರಿಶೀಲಕರು ಕಂಡದ್ದು' ಎಂಬ ಒಂದು ಖಾಲಿ ಚೌಕವಿತ್ತು. ನೋಡಲು ಬಂದವರ ಮುಂದೆ ನಮ್ಮಲ್ಲಿ ಯಾರೂ ನೋವೆನ್ನುವುದಿಲ್ಲ, ಯಾರ ಮೇಲೂ ತಪ್ಪು ಹೊರಿಸುವುದಿಲ್ಲ ಎಂದು ಅಲ್ಲಿ ಬರೆಯಬಹುದಾಗಿತ್ತು. ಬೆವರನ್ನು ಬರೆಯಬಹುದಾಗಿತ್ತು. ಆರತಿ ಅದರಲ್ಲಿ ಕರ್ಸರ್ ಇಟ್ಟಳು. ಆ ತಿಂಗಳು ನಗರಸಭೆ ಕಂಪನಿಯ ಗುತ್ತಿಗೆಯನ್ನು ಮುಂದುವರಿಸುವುದೋ ಬಿಡುವುದೋ ಎಂದು ನೋಡುವುದಿತ್ತು. ಎಷ್ಟು ಫೈಲು ಬೇಗ ಮುಗಿದವು ಎಂಬ ಒಂದು ಗ್ರಾಫು ಸಿದ್ಧವಾಗುತ್ತಿತ್ತು. ಅವಳು ಚೌಕವನ್ನು ಖಾಲಿ ಬಿಟ್ಟಳು. ಖಾಲಿ ಬಿಡುವುದು ಸುಳ್ಳಲ್ಲವಲ್ಲ.

ರೆಕಾರ್ಡಿಂಗು ಕೇಳಿ ನಬೀಲಾ, "ಕ್ಲೀನ್ ಆಗಿದೆ," ಎಂದಳು. ಮೂರು ವಾರಕ್ಕೆ ಅರ್ಜಿ ತಿರಸ್ಕೃತವಾಯಿತು. ನಗರಸಭೆಯ ಪರವಾಗಿ ಪತ್ರಕ್ಕೆ ಸಹಿ ಹಾಕಿದವಳು ಆರತಿ. ಒಪ್ಪಿಗೆಯಾಗದಿದ್ದರೆ ಆರು ತಿಂಗಳೊಳಗೆ ಕೋರ್ಟಿಗೆ ಹೋಗಬಹುದು ಎಂಬ ಸಾಲು ಅದರಲ್ಲಿ ಅಚ್ಚಾಗಿಯೇ ಇರುತ್ತದೆ.

ನಾಲ್ಕು ತಿಂಗಳಾದ ಮೇಲೆ ಅದೇ ಗ್ರೋಸರಿಯಲ್ಲಿ, ಜೋಳದ ಹಿಟ್ಟಿನ ಚೀಲಗಳ ಎದುರಿಗೆ, ಕಿರಣಕುಮಾರ ಸಿಕ್ಕಿದ. ಆರತಿ ತಿರುಗಿ ಹೋಗಲು ನೋಡಿದಳು. ಅವನ ತಳ್ಳುಗಾಡಿ ಅಡ್ಡ ಬಂತು.

"ನಮಸ್ಕಾರ್ರೀ. ನಿಮ್ಮ ಕಡೆಯಿಂದ ಸ್ಟೇಟ್‌ಮೆಂಟಿನ ಕಾಪಿ ತರಿಸ್ಕೊಂಡೆ. ನಮ್ಮವ್ವನ ಇಂಗ್ಲಿಷ್ ಇಷ್ಟು ಸ್ವಚ್ಛ ಇರ್ತದಂತ ಗೊತ್ತಿರಲಿಲ್ಲ."

"ಅವರು ಹೇಳಿದ್ದನ್ನೇ ಬರೆದೆ," ಎಂದಳು ಆರತಿ.

"ಹೌದಲ್ರೀ. ಅದಽ ಮತ್ತ." ಅವನು ಹಿಟ್ಟಿನ ಚೀಲ ಎತ್ತಿ ಗಾಡಿಗೆ ಹಾಕಿದ. "ಥೆರಪಿ ಎರಡು ತಿಂಗಳು ಮಾಡಿಸಿದ್ವಿ. ಸಾಕು, ಇನ್ನ ಖರ್ಚು ಬ್ಯಾಡ ಅಂತ ಆಕಿನಽ ನಿಲ್ಸಿಬಿಟ್ಳು. ಎರಡು ಬೆರಳು ಮಡಚಂಗಿಲ್ಲ ಈಗ. ಬರ್ತೀನ್ರೀ."

ಮರುದಿನ ಬೆಳಿಗ್ಗೆ ಆರತಿ ನಬೀಲಾಳ ಕೋಣೆಗೆ ಹೋಗಿ ಬಾಗಿಲು ಹಾಕಿದಳು.

"ಬಂಗಾರೆವ್ವನ ಫೈಲಿಗೆ ಒಂದು ನೋಟು ಹಾಕ್ಬೇಕು."

"ಕ್ಲೋಸ್ ಆಗಿರೋ ಫೈಲಿಗಾ?"

"ಅವರು ಮರ್ಯಾದೆಗೆ ಹಾಗಂದ್ರು. ನಂಗೆ ಅವತ್ತೇ ಗೊತ್ತಿತ್ತು."

"ಗೊತ್ತಿತ್ತು ಅಂತ ಬರೆದ್ರೆ, ಗೊತ್ತಿದ್ದೂ ಯಾಕೆ ಬರೀಲಿಲ್ಲ ಅಂತಾರೆ. ಆಮೇಲೆ ನೀನು ಎಕ್ಸಾಮಿನರ್ ಅಲ್ಲ, ಸಾಕ್ಷಿ. ನಮ್ಮ ಸಾಕ್ಷಿಯೂ ಅಲ್ಲ, ಅವರ ಸಾಕ್ಷಿ." ನಬೀಲಾ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. "ಹಣ್ಣು ಬೇರೆ ತಗೊಂಡು ಹೋಗಿದ್ದೆ ತಾಯಿ. ಅದನ್ನೂ ಬರೀತೀಯಾ?"

"ನೀನೂ ರೆಕಾರ್ಡಿಂಗು ಕೇಳಿದೀಯಲ್ಲ. ನಿಂಗೆ ಏನನ್ನಿಸ್ತು?"

ನಬೀಲಾ ಲ್ಯಾಪ್‌ಟಾಪು ಮುಚ್ಚಿದಳು. ಕೆಳಗಿನ ಯೋಗ ಸ್ಟುಡಿಯೋದಲ್ಲಿ ಯಾರೋ ಉಸಿರು ಬಿಡಲು ಹೇಳುತ್ತಿದ್ದರು.

"ನಮ್ಮಮ್ಮಿಗೆ ಕ್ಯಾನ್ಸರು," ಎಂದಳು ಕೊನೆಗೆ. "ನೋಡೋಕೆ ಬಂದೋರಿಗೆಲ್ಲ ಕೊನೇ ವಾರದವರೆಗೂ ಏನಿಲ್ಲ, ಸ್ವಲ್ಪ ಗ್ಯಾಸು ಅಂತಿದ್ರು. ಅದಕ್ಕೇ ಆ ರೆಕಾರ್ಡಿಂಗನ್ನ ಎರಡನೇ ಸಲ ಕೇಳ್ಲಿಲ್ಲ. ಹೋಗು, ಕೆಲಸ ನೋಡು."

ನಗರಸಭೆಯ ಪುಣ್ಯ, ಫೈಲನ್ನು ನೋಡಿದ ಇಬ್ಬರಿಗೂ ಆ ಮಾತಿನ ಅರ್ಥ ತಿಳಿದಿತ್ತು. ತಿಳಿಯದ ಒಬ್ಬ ಅಮೆರಿಕನ್ನನ ಕೈಗೆ ಅದು ಬಿದ್ದಿದ್ದರೆ ಅವನು ಅನುಮಾನಪಟ್ಟು, ಎಕ್ಸ್‌ರೇ ನೋಡಿ, ಈಕೆ ನೋವಿಲ್ಲ ಎಂದದ್ದು ಹೇಗೆ ಎಂದು ಕೇಳಿಯಾದರೂ ಇರುತ್ತಿದ್ದ.

ಶನಿವಾರ ಆರತಿ ಬಂಗಾರೆವ್ವನ ಮನೆಗೆ ಹೋದಳು. ಈ ಸಲ ಏನೂ ಒಯ್ಯಲಿಲ್ಲ. ಕಿರಣಕುಮಾರ ಬಾಗಿಲು ತೆಗೆದು, ಒಳಗೆ ಕರೆಯದೆ, ಪಕ್ಕಕ್ಕೆ ಮಾತ್ರ ಸರಿದ. ಬಂಗಾರೆವ್ವ ಅದೇ ಸೋಫಾದ ಮೇಲೆ ಬಲಗೈಯಲ್ಲಿ ಹಸಿರು ರಬ್ಬರ್ ಚೆಂಡೊಂದನ್ನು ಹಿಸುಕುತ್ತಿದ್ದರು. ಚೆಂಡಿಗೆ ಅದರ ಅರಿವೇ ಇದ್ದಂತಿರಲಿಲ್ಲ.

ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಚೆಲ್ಲಿಹೋಗಿ, ಆರತಿ ನಿಂತಲ್ಲೇ ಹೇಳಿದಳು: "ಅಜ್ಜಿ, ಅವತ್ತು ನೀವು ತಪ್ಪು ನಿಮ್ಮದು ಅಂದ್ರಲ್ಲ, ಅದು ಮರ್ಯಾದೆ ಮಾತು ಅಂತ ನಂಗೆ ಗೊತ್ತಾಗಿತ್ತು. ನೋವು ಇದ್ದಿದ್ದೂ ಕಾಣ್ತಿತ್ತು. ಬರೆಯೋಕೆ ಜಾಗ ಇತ್ತು. ನಾನು ಬರೀಲಿಲ್ಲ."

ಹೋಗಲಿ ಬಿಡವ್ವಾ ಎಂಬ ಮಾತಿಗಾಗಿ ಅವಳು ಕಾದಳು. ಅದು ಬರುತ್ತದೆ ಎಂದು ಖಾತ್ರಿಯಾಗಿದ್ದುದರಿಂದಲೇ ಬಂದಿದ್ದಳೋ ಏನೋ.

ಬಂಗಾರೆವ್ವ ಚೆಂಡನ್ನು ಪಕ್ಕಕ್ಕಿಟ್ಟರು.

"ಅವತ್ತ ನೀ ಬರಿಗೈಲೇ ಬಂದಿದ್ರ ನಾ ಬ್ಯಾರೆ ಹೇಳ್ತಿದ್ದೆ," ಎಂದರು. "ಸರಕಾರದಾಕಿ ಬಂದಾಳ ಅಂತ ತಿಳ್ಕೊಂಡು ಲೆಕ್ಕಾಚಾರಲೇ ಮಾತಾಡ್ತಿದ್ದೆ. ನೀ ಹಣ್ಣು ತಂದಿ. ಅಜ್ಜಿ ಅಂದಿ. ಮನಿ ಮಗಳು ನೋಡ್ಲಿಕ್ಕೆ ಬಂದಾಳ ಅಂತ ಆ ಮಾತು ಆಡಿದೆ. ಮನಿ ಮಗಳಾಗಿ ಕೇಳಿಸ್ಕೊಂಡಿ, ಸರಕಾರದಾಕಿಯಾಗಿ ಬರಕೊಂಡಿ."

"ಅಜ್ಜಿ, ನಾನು ಬೇಕಂತ—"

"ತಡಿ. ನಾನೂ ಮೂವತ್ತು ವರ್ಷ ಇಂಥಾ ಕಾಗದ ಬರದೀನಿ. 'ಪರಿಶೀಲಿಸಲಾಗಿ' ಅಂತ ಶುರು ಮಾಡ್ತಿದ್ವಿ, ಪರಿಶೀಲಿಸಿರತಿರಲಿಲ್ಲ. ಆದರ ಅರ್ಜಿ ಕೊಟ್ಟವರ ಮನ್ಯಾಗ ಕೂತು ಚಾ ಕುಡದು ಬರದಿಲ್ಲವ್ವಾ ನಾನು."

"ಅವ್ವಾ, ಸಾಕು," ಎಂದ ಕಿರಣಕುಮಾರ.

"ಸಾಕು ಅನ್ನಾಕಿ ನಾನು." ಅವರು ಆರತಿಯನ್ನೇ ನೋಡುತ್ತಿದ್ದರು. "ಈಗ ಯಾಕ ಬಂದಿ?"

ಆರತಿ ಕಿರಣಕುಮಾರನ ಕಡೆ ನೋಡಿದಳು. ಅವನೇ ಹೇಳಿದ: ಗುರುವಾರ ಹತ್ತು ಗಂಟೆಗೆ ಪಾಲೋ ಆಲ್ಟೋದಲ್ಲಿ ಒಬ್ಬ ವಕೀಲೆಯನ್ನು ನೋಡುವುದಿದೆ. ಕೋರ್ಟಿಗೆ ಹೋಗಲು ಇನ್ನು ಎರಡು ತಿಂಗಳೂ ಉಳಿದಿಲ್ಲ. ಆ ಹೇಳಿಕೆ ಇರುವ ತನಕ ಕೇಸು ಕಷ್ಟ ಎಂದು ಆಕೆ ಫೋನಿನಲ್ಲೇ ಹೇಳಿದ್ದಾಳೆ.

"ನೀ ಬರ್ತೀಯಾ?" ಎಂದು ಕೇಳಿದರು ಬಂಗಾರೆವ್ವ. "ಇಲ್ಲಿ ಹೇಳಿದ್ದನ್ನ ಅಲ್ಲಿ ಹೇಳ್ತೀಯಾ?"

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ, ಅಜ್ಜಿ."

"ಹೋಗ್ತದ," ಎಂದರು ಬಂಗಾರೆವ್ವ. ಪಾಪ ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ಆರತಿ ಕೆಳಗಿಳಿದು ಕಾರಿನಲ್ಲಿ ಕುಳಿತು, ಫೋನಿನಲ್ಲಿ ಗುರುವಾರದ ರಜೆಗೆ ಅರ್ಜಿ ತೆರೆದಳು. ಕಾರಣಗಳ ಪಟ್ಟಿ ಬಂತು: ಅನಾರೋಗ್ಯ, ಕುಟುಂಬ, ವೈಯಕ್ತಿಕ, ಸಾಕ್ಷಿ ಹೇಳಲು. ವೈಯಕ್ತಿಕ ಎಂದು ಒತ್ತಿ ಕಳಿಸಿದಳು. ಮತ್ತೊಂದು ಚೌಕವನ್ನು ಖಾಲಿ ಬಿಟ್ಟು ಬಂದಂತಾಯಿತು. ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡು, ಪಟ್ಟಿಯ ಕೊನೆಯ ಸಾಲನ್ನು ಒತ್ತಿದಳು. ಯಾವ ಕೇಸು ಎಂದು ಅದು ಕೇಳಿತು. ಫೈಲಿನ ನಂಬರು ಅವಳಿಗೆ ಬಾಯಿಪಾಠವಾಗಿತ್ತು.

ಹತ್ತು ನಿಮಿಷದಲ್ಲಿ ನಬೀಲಾಳಿಂದ ಉತ್ತರ ಬಂತು. ರಜೆ ಮಂಜೂರಾಗಿತ್ತು. ಅದರ ಬೆನ್ನಿಗೇ ಇನ್ನೊಂದು ಮೆಸೇಜು: 'ಸೋಮವಾರ ಆಫೀಸಿಗೆ ಬರುವ ಮೊದಲು ಫೋನ್ ಮಾಡು. ನಿನ್ನ ಕಾರ್ಡು ಬಾಗಿಲು ತೆರೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.'

ಇದನ್ನೆಲ್ಲ ಮಾಡಿದ ಮೇಲೆ ಮನಸ್ಸು ಹಗುರಾಗಲೆಂದು ಆರತಿ ಕಾದಳು. ಮೇಲಿನ ಕಿಟಕಿಯಲ್ಲಿ ಬಂಗಾರೆವ್ವ ಹೊರಗೆ ಮುಖ ಮಾಡಿ ಕುಳಿತಿದ್ದರು, ಹಿಂದೆ ನಿಂತು ಕಿರಣಕುಮಾರ ಅವರ ತಲೆ ಬಾಚುತ್ತಿದ್ದ. ಬಾಚಿ ಅಭ್ಯಾಸವಿಲ್ಲದ ಕೈ. ಬೈತಲೆ ಸೊಟ್ಟಗೆ ಹೋಗಿತ್ತು. ಬಂಗಾರೆವ್ವ ಎಡಗೈ ಎತ್ತಿ ಅದನ್ನು ಮುಟ್ಟಿ ನೋಡಿ, ಬಿಚ್ಚಿ ಮತ್ತೆ ತೆಗೆ ಎಂದಿರಬೇಕು. ಅವನು ಮೊದಲಿನಿಂದ ಶುರುಮಾಡಿದ.